ಯುದ್ಧ ಬಾತ್ಮೀದಾರ ವಿನ್‌ಸ್ಟನ್ ಚರ್ಚಿಲ್

ವಿನ್‌ಸ್ಟನ್ ಚರ್ಚಿಲ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬಾಯಲ್ಲಿ ದಪ್ಪ ಚುಟ್ಟಾ ಕಚ್ಚಿ, ಎರಡು ಬೆರಳೆತ್ತಿ ವಿಜಯದ ಗುರುತು ತೋರಿಸುವ ಸ್ಥೂಲಕಾಯದ ಮುದುಕನ ಭಾವಚಿತ್ರ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಪ್ರಧಾನಮಂತ್ರಿಯಾಗಿ ಹಿಟ್ಲರನಿಗೆ ಎದೆಯೊಡ್ಡಿ ನಿಂತವನು. ನಮ್ಮ ದೇಶದ ಸ್ವಾತಂತ್ರ್ಯಕ್ಕೆ ಅಡ್ಡ ನಿಂತವನು. ಪಾಠಪುಸ್ತಕಗಳು ಸಾಮಾನ್ಯವಾಗಿ ಇಷ್ಟು ಹೇಳಿ ಮುಂದೆ ಹೋಗುತ್ತವೆ. ಆದರೆ ಈ ಮುದುಕನು ಒಂದು ಕಾಲಕ್ಕೆ ಇಪ್ಪತ್ತೆರಡು ವರ್ಷದ, ಕೆಂಗೂದಲಿನ, ತೆಳ್ಳನೆಯ ಸೈನ್ಯಾಧಿಕಾರಿಯಾಗಿ ಬೆಂಗಳೂರಿನ ದಂಡಿನಲ್ಲಿ ವಾಸವಾಗಿದ್ದನು. ಅಲ್ಲಿಂದಲೇ ರಜೆ ಪಡೆದು ಯುದ್ಧಭೂಮಿಗೆ ಹೋಗಿ, ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದು ಪತ್ರಿಕೆಗಳಿಗೆ ಬರೆದನು. ಸಿಪಾಯಿಯೊಬ್ಬನು ಬಾತ್ಮೀದಾರನಾದ ಆ ಐದಾರು ವರ್ಷಗಳ ಕಥೆಯನ್ನೇ ಇಲ್ಲಿ ಮುಖ್ಯವಾಗಿ ಹೇಳಬೇಕೆಂದಿದ್ದೇನೆ. ಆತನ ಮುಂದಿನ ಜೀವನದ ಬೆಳಕು, ಕತ್ತಲೆ ಎರಡರ ಬೇರೂ ಅಲ್ಲಿವೆ.

ಚರ್ಚಿಲ್ ಹುಟ್ಟಿದ್ದು 1874ನೆಯ ಇಸವಿ ನವೆಂಬರ್ 30ರಂದು, ಆಕ್ಸ್‌ಫರ್ಡಿಗೆ ಸಮೀಪದ ಬ್ಲೆನ್‌ಹೀಮ್ ಅರಮನೆಯಲ್ಲಿ. ತಂದೆ ಲಾರ್ಡ್ ರ್‍ಯಾಂಡಾಲ್ಫ್ ಚರ್ಚಿಲ್ ದೊಡ್ಡ ಮನೆತನದವನು, ಹೆಸರಾದ ರಾಜಕಾರಣಿ. 1885ರಲ್ಲಿ ಕೆಲವು ತಿಂಗಳು ಭಾರತ ಸಚಿವನೂ ಆಗಿದ್ದನು. ತಾಯಿ ಜೆನ್ನಿ ಅಮೆರಿಕದ ಸಿರಿವಂತರ ಮಗಳು. ಅರಮನೆಯಲ್ಲಿ ಹುಟ್ಟಿದ ಮಗುವಿಗೆ ಕೊರತೆಯೇನು ಎಂದು ನಮಗೆ ಅನ್ನಿಸಬಹುದು. ಇದ್ದ ಕೊರತೆ ತಂದೆತಾಯಿಗಳದೇ. ತಂದೆಗೆ ರಾಜಕೀಯ, ತಾಯಿಗೆ ಔತಣಕೂಟಗಳು. ಎವರೆಸ್ಟ್ ಎಂಬ ದಾದಿಯೇ ಹುಡುಗನನ್ನು ಸಾಕಿ ಸಲಹಿದಳು. ವಸತಿಶಾಲೆಯಿಂದ ಆತ ಬರೆದ ಕಾಗದಗಳಲ್ಲಿ ತನ್ನನ್ನು ನೋಡಲು ಒಮ್ಮೆ ಬನ್ನಿರೆಂದು ಬೇಡಿಕೊಳ್ಳುವುದೇ ಹೆಚ್ಚು.

ಶಾಲೆಯಲ್ಲಿ ಹುಡುಗನು ಜಾಣನೆನಿಸಿಕೊಳ್ಳಲಿಲ್ಲ. ಹ್ಯಾರೋ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್ ಭಾಷೆಗಳು ತಲೆಗೆ ಹತ್ತದೆ ಕೆಳಗಿನ ತರಗತಿಯಲ್ಲಿಯೇ ಬಹುಕಾಲ ಉಳಿದನು. ಲ್ಯಾಟಿನ್ ಬಾರದ ದಡ್ಡರಿಗೆ ಬರಿಯ ಇಂಗ್ಲಿಷು ಸಾಕೆಂದು, ಅವರ ಮಾತೃಭಾಷೆಯ ವ್ಯಾಕರಣವನ್ನೇ ಅಲ್ಲಿ ಮತ್ತೆ ಮತ್ತೆ ತಿದ್ದಿಸುತ್ತಿದ್ದರು. ವಾಕ್ಯವನ್ನು ಬಿಡಿಸಿ, ಯಾವ ಭಾಗ ಯಾವುದಕ್ಕೆ ಹೊಂದುತ್ತದೆಂದು ಬಣ್ಣಬಣ್ಣದ ಶಾಯಿಯಲ್ಲಿ ತೋರಿಸಿಕೊಡುತ್ತಿದ್ದ ಸಾಮರ್‌ವೆಲ್ ಎಂಬ ಉಪಾಧ್ಯಾಯರನ್ನು ಚರ್ಚಿಲ್ ಕೊನೆಯವರೆಗೂ ಮರೆಯಲಿಲ್ಲ. ಹಿಂದೆ ಬಿದ್ದವನೆಂದು ಮೂರು ಸಲ ಕಲಿತದ್ದೇ ಆತನಿಗೆ ಮುಂದೆ ಅನ್ನ ಕೊಟ್ಟಿತು. ಮಾತೃಭಾಷೆಯ ಪಾಠವೆಂದರೆ ಮೂಗು ಮುರಿಯುವವರು ನಮ್ಮಲ್ಲಿಯೂ ಇರುವುದರಿಂದ ಈ ಮಾತನ್ನು ಬರೆದೆ.

ಮಗನು ವಕೀಲನಾಗುವಷ್ಟು ಬುದ್ಧಿವಂತನಲ್ಲವೆಂದು ತಂದೆ ತೀರ್ಮಾನಿಸಿ ಸೈನ್ಯಕ್ಕೆ ಗೊತ್ತುಮಾಡಿದನು. ಸ್ಯಾಂಡ್‌ಹರ್ಸ್ಟಿನ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ನಪಾಸು. 1893ರಲ್ಲಿ ಮೂರನೆಯ ಬಾರಿಗೆ ಪಾಸು. ಅಂಕಗಳು ಕಡಮೆ ಬಂದದ್ದರಿಂದ ಪದಾತಿಗೆ ಸೇರಲಾಗದೆ ರಾವುತರ ದಳಕ್ಕೆ ಹೋಗಬೇಕಾಯಿತು. ಕುದುರೆಯ ಖರ್ಚು ಹೆಚ್ಚೆಂದು ತಂದೆ ಕೋಪಿಸಿಕೊಂಡು ಕಟುವಾದ ಕಾಗದ ಬರೆದನು. ಒಳಗೆ ಸೇರಿದ ಮೇಲೆ ಮಾತ್ರ ಹುಡುಗನು ಮೈಮುರಿದು ಓದಿ, ಸವಾರಿ ಕಲಿತು, ಒಳ್ಳೆಯ ಸ್ಥಾನದಲ್ಲಿಯೇ ತೇರ್ಗಡೆ ಹೊಂದಿದನು. ಆದರೆ ಮಗನು ಸಮವಸ್ತ್ರ ತೊಟ್ಟು ಅಧಿಕಾರಿಯಾದುದನ್ನು ತಂದೆ ನೋಡಲಿಲ್ಲ. 1895ರ ಜನವರಿ 24ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಆತ ತೀರಿಕೊಂಡನು. ಫೆಬ್ರವರಿಯಲ್ಲಿ ಚರ್ಚಿಲ್ 4ನೆಯ ಹುಸಾರ್ ರಾವುತ ದಳಕ್ಕೆ ಸೇರಿದನು. ಅದೇ ವರ್ಷ ಸಾಕಿದ ದಾದಿಯೂ ಸತ್ತಳು.

ಆಗ ಇಂಗ್ಲೆಂಡಿನ ಸೈನ್ಯಕ್ಕೆ ದೊಡ್ಡ ಯುದ್ಧವೇ ಇರಲಿಲ್ಲ. ಯುದ್ಧವಿಲ್ಲದೆ ಪದಕವಿಲ್ಲ, ಪದಕವಿಲ್ಲದೆ ಹೆಸರಿಲ್ಲ. ಹೆಸರಿಲ್ಲದಿದ್ದರೆ ತಂದೆಯಂತೆ ಪಾರ್ಲಿಮೆಂಟು ಸೇರುವುದು ಹೇಗೆ? ಸಂಬಳವೂ ಸಾಲದು, ಮನೆಯಲ್ಲಿ ಸಾಲವೂ ಇತ್ತು. ಈ ಲೆಕ್ಕಾಚಾರದಲ್ಲಿ ಯುವಕನ ಕಣ್ಣು ಕ್ಯೂಬಾದ ಮೇಲೆ ಬಿತ್ತು. ಆ ದ್ವೀಪದ ಜನ ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆಯೆದ್ದಿದ್ದರು. 1895ರ ಚಳಿಗಾಲದ ರಜೆಯಲ್ಲಿ ಬಾರ್ನ್ಸ್ ಎಂಬ ಗೆಳೆಯನೊಡನೆ ಅಲ್ಲಿಗೆ ಹೊರಟ ಚರ್ಚಿಲ್, ಖರ್ಚಿಗೊಂದು ದಾರಿಯೆಂದು ಲಂಡನ್ನಿನ ಡೈಲಿ ಗ್ರಾಫಿಕ್ ಪತ್ರಿಕೆಗೆ ಕಾಗದ ಬರೆಯಲು ಒಪ್ಪಿಕೊಂಡನು. ಕಾಗದವೊಂದಕ್ಕೆ ಐದು ಗಿನಿ ಸಂಭಾವನೆ. ತನಗೆ ಇಪ್ಪತ್ತೊಂದು ವರ್ಷ ತುಂಬಿದ ದಿನವೇ ಗುಂಡಿನ ಸದ್ದನ್ನು ಮೊದಲು ಕೇಳಿದನು. ತನ್ನ ಹತ್ತಿರವೇ ಹಾದುಹೋದ ಗುಂಡು ಹಿಂದಿದ್ದ ಕುದುರೆಗೆ ತಗಲಿದುದನ್ನೂ ಕಂಡನು. ಬಾತ್ಮೀದಾರಿಕೆಯ ಆರಂಭ ಹೀಗೆ. ಹವಾನಾ ಚುಟ್ಟಾದ ಚಟವೂ ಅಲ್ಲಿಂದಲೇ.

1896ರ ಸೆಪ್ಟೆಂಬರಿನಲ್ಲಿ ದಳವು ಭಾರತಕ್ಕೆ ಹೊರಟಿತು. ಮುಂಬಯಿಯ ಸಸೂನ್ ಡಾಕಿನಲ್ಲಿ ಸಣ್ಣ ದೋಣಿಯಿಂದ ಮೆಟ್ಟಿಲಿಗೆ ಕಾಲಿಡುವ ಅವಸರದಲ್ಲಿ ಚರ್ಚಿಲ್ ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದನು. ಅಷ್ಟರಲ್ಲಿ ಅಲೆ ದೋಣಿಯನ್ನು ಕೆಳಗೆ ಸೆಳೆಯಿತು, ಬಲದ ತೋಳಿನ ಕೀಲು ತಪ್ಪಿತು. ಭಾರತದ ನೆಲಕ್ಕೆ ಕಾಲಿಟ್ಟ ಗಳಿಗೆಯ ಈ ನೋವು ಜೀವಮಾನವೆಲ್ಲ ಆತನನ್ನು ಬಿಡಲಿಲ್ಲ. ಪೋಲೋ ಆಡುವಾಗ ತೋಳಿಗೆ ಪಟ್ಟಿ ಕಟ್ಟಿಕೊಳ್ಳಬೇಕಾಗಿತ್ತು. ಕತ್ತಿ ಬೀಸುವುದು ಕಷ್ಟವಾದ್ದರಿಂದ ಪಿಸ್ತೂಲನ್ನು ನೆಚ್ಚಿಕೊಂಡನು. ಅದೇ ಒಮ್ಮೆ ಪ್ರಾಣ ಉಳಿಸಿತೆಂಬುದನ್ನು ಮುಂದೆ ನೋಡೋಣ.

ಅಕ್ಟೋಬರಿನಲ್ಲಿ ದಳ ಬೆಂಗಳೂರಿಗೆ ಬಂದಿತು. ಚರ್ಚಿಲ್, ಬಾರ್ನ್ಸ್, ಬೇರಿಂಗ್ ಎಂಬ ಮೂವರು ಒಂದು ದೊಡ್ಡ ಬಂಗಲೆಯನ್ನು ಬಾಡಿಗೆಗೆ ಹಿಡಿದರು. ಬಟ್ಲರ್, ಉಡುಪು ತೊಡಿಸುವ ಆಳು, ಕುದುರೆಯ ಸೈಸ, ತೋಟಿಗ, ಅಗಸ, ಕಾವಲುಗಾರ, ಹೀಗೆ ಸೇವಕರ ಹಿಂಡೇ ಇತ್ತು. ಬೆಳಗಿನ ಜಾವ ಕವಾಯತು, ಬಿಸಿಲೇರುವ ಮೊದಲೇ ಮನೆ, ಸಂಜೆ ಐದಕ್ಕೆ ಪೋಲೋ. ಅಂಗಳದ ತುಂಬ ಗುಲಾಬಿ ಬೆಳೆಸಿದನು. ಚಿಟ್ಟೆಗಳನ್ನು ಹಿಡಿದು ಪೆಟ್ಟಿಗೆಯಲ್ಲಿ ಜೋಡಿಸಿದನು. ಒಂದು ಇಲಿ ನುಗ್ಗಿ ಆ ಸಂಗ್ರಹವನ್ನೆಲ್ಲ ತಿಂದು ಹಾಕಿತು. ಕವಾಯತಿಗೂ ಪೋಲೋಗೂ ನಡುವಿನ ದೀರ್ಘ ಮಧ್ಯಾಹ್ನಗಳಲ್ಲಿ ಉಳಿದ ಅಧಿಕಾರಿಗಳು ನಿದ್ದೆ ಮಾಡುತ್ತಿದ್ದರು. ಚರ್ಚಿಲ್‌ಗೆ ಆಗ ತಾನು ಏನನ್ನೂ ಓದಿಲ್ಲವೆಂಬ ನಾಚಿಕೆ ಹುಟ್ಟಿತು. ಕಾಲೇಜಿಗೆ ಹೋದ ಗೆಳೆಯರ ಮಾತು ಆತನಿಗೆ ಅರ್ಥವಾಗುತ್ತಿರಲಿಲ್ಲ. ತಾಯಿಗೆ ಬರೆದು ಪುಸ್ತಕಗಳ ಪೆಟ್ಟಿಗೆಗಳನ್ನು ತರಿಸಿಕೊಂಡನು. ಗಿಬ್ಬನ್ನನ ರೋಮ್ ಚರಿತ್ರೆಯ ಸಂಪುಟಗಳು, ಮೆಕಾಲೆಯ ಇಂಗ್ಲೆಂಡಿನ ಚರಿತ್ರೆ, ಪ್ಲೇಟೋ, ಡಾರ್ವಿನ್, ಆಡಂ ಸ್ಮಿತ್, ಪಾರ್ಲಿಮೆಂಟಿನ ಹಳೆಯ ಚರ್ಚೆಗಳನ್ನು ಕೊಡುವ ವಾರ್ಷಿಕ ಸಂಪುಟಗಳು. ದಿನಕ್ಕೆ ನಾಲ್ಕೈದು ಗಂಟೆ ಓದು. ಹಳೆಯ ಚರ್ಚೆಯೊಂದನ್ನು ಓದುವ ಮೊದಲು, ತಾನು ಅಲ್ಲಿದ್ದರೆ ಯಾವ ಪಕ್ಷಕ್ಕೆ ಮತ ಕೊಡುತ್ತಿದ್ದೆನೆಂದು ಕಾಗದದಲ್ಲಿ ಬರೆದಿಟ್ಟು, ಆಮೇಲೆ ಓದುತ್ತಿದ್ದನಂತೆ. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತದ ಚರ್ಚಿಲ್‌ಗೆ ಬೆಂಗಳೂರಿನ ಜಗಲಿಯೇ ವಿಶ್ವವಿದ್ಯಾನಿಲಯವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ದಂಡು ಇಂಗ್ಲಿಷರ ಕೈಯಲ್ಲಿತ್ತು. ಅದಕ್ಕೆ ತಗಲಿಕೊಂಡಿದ್ದ ಪೇಟೆ ಮೈಸೂರು ಸಂಸ್ಥಾನದ್ದು. ಆಗ ಅಲ್ಲಿ ಬಾಲಕ ಅರಸ ಕೃಷ್ಣರಾಜ ಒಡೆಯರ ಪರವಾಗಿ ತಾಯಿ ಮಹಾರಾಣಿಯವರು ರಾಜ್ಯಭಾರ ಮಾಡುತ್ತಿದ್ದರು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. 1898ರಲ್ಲಿ ಪ್ಲೇಗು ಬಂದು ಪೇಟೆಯ ಬೀದಿಗಳು ಬರಿದಾದವು. ಆ ಸಂಕಟದ ಬೆನ್ನಿಗೇ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದವು. ಚರ್ಚಿಲ್ ತನ್ನ ಆತ್ಮಕಥೆಯಲ್ಲಿ ಬೆಂಗಳೂರಿಗೆ ಪುಟಗಟ್ಟಲೆ ಜಾಗ ಕೊಟ್ಟಿದ್ದಾನೆ. ಆ ಪುಟಗಳಲ್ಲಿ ಗುಲಾಬಿಗಳಿವೆ, ಪೋಲೋ ಕುದುರೆಗಳಿವೆ, ಪುಸ್ತಕಗಳಿವೆ. ಚಹ ತಂದುಕೊಟ್ಟ ಆಳುಗಳನ್ನು ಬಿಟ್ಟರೆ ಆ ಊರಿನ ಜನರು ಕಾಣುವುದು ಬಹಳ ಅಪರೂಪ. ರೋಮ್ ಸಾಮ್ರಾಜ್ಯ ಹೇಗೆ ಬಿದ್ದಿತೆಂದು ಆ ಜಗಲಿಯಲ್ಲಿ ಕುಳಿತು ಓದಿದವನು ಜಗಲಿ ಇಳಿದು ಒಂದು ಮೈಲಿ ನಡೆದು ಯಾರನ್ನಾದರೂ ಮಾತನಾಡಿಸಿದ್ದರೆ!

1897ರ ಬೇಸಗೆಯಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿ ಕುದುರೆ ಜೂಜು ನೋಡುತ್ತಿದ್ದಾಗ, ವಾಯವ್ಯ ಗಡಿನಾಡಿನ ಮಲಕಂಡದಲ್ಲಿ ಪಠಾಣರು ದಂಗೆಯೆದ್ದಿದ್ದಾರೆಂಬ ಸುದ್ದಿ ಬಂದಿತು. ಸೇನಾಪತಿ ಬಿಂಡನ್ ಬ್ಲಡ್ ಹಿಂದೊಮ್ಮೆ, ತಾನು ಯುದ್ಧಕ್ಕೆ ಹೋದರೆ ಚರ್ಚಿಲ್‌ನನ್ನು ಕರೆದುಕೊಳ್ಳುವುದಾಗಿ ಮಾತು ಕೊಟ್ಟಿದ್ದನು. ರಜೆ ಮುಗಿಯುವ ಮೊದಲೇ ಚರ್ಚಿಲ್ ತಂತಿ ಕೊಟ್ಟು ಹಡಗು ಹತ್ತಿದನು. ಅಧಿಕಾರಿಯ ಸ್ಥಾನ ಖಾಲಿ ಇಲ್ಲ, ಬಾತ್ಮೀದಾರನಾಗಿ ಬರಬಹುದು, ಆಮೇಲೆ ನೋಡೋಣ ಎಂಬ ಉತ್ತರ ಬಂದಿತು. ಅಲಹಾಬಾದಿನ ಪಯನೀರ್ ಪತ್ರಿಕೆಯನ್ನು ಆತನೇ ಗೊತ್ತುಮಾಡಿಕೊಂಡನು. ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯನ್ನು ತಾಯಿ ಗೊತ್ತುಮಾಡಿದಳು. ಅಂಕಣಕ್ಕೆ ಐದು ಪೌಂಡು. ಬೆಂಗಳೂರಿನ ರೈಲ್ವೆ ನಿಲ್ದಾಣದಲ್ಲಿ ನೌಶೇರಾಕ್ಕೆ ಎಷ್ಟು ದೂರವೆಂದು ಕೇಳಿದರೆ, ಟಿಕೆಟಿನ ಗುಮಾಸ್ತೆ ಪುಸ್ತಕ ತಿರುವಿ 2,028 ಮೈಲಿ ಎಂದನಂತೆ. ಐದು ದಿನದ ಪ್ರಯಾಣ.

ಗಡಿನಾಡಿನಲ್ಲಿ ಯುದ್ಧದ ನಿಜರೂಪ ಕಂಡಿತು. ಸತ್ತ ಅಧಿಕಾರಿಗಳ ಸಾಮಾನನ್ನು ಶಿಬಿರದಲ್ಲಿ ಹರಾಜು ಹಾಕುವುದು ವಾಡಿಕೆ. ಹೊಸದಾಗಿ ಬಂದ ಚರ್ಚಿಲ್ ತನಗೆ ಬೇಕಾದ ಉಡುಪನ್ನು ಹಾಗೆಯೇ ಕೊಂಡನು. ಮೊದಲ ದಿನ ಇನ್ನೊಬ್ಬರಿಂದ ಕೊಂಡದ್ದು, ಕೆಲವು ವಾರಗಳಲ್ಲಿ ತನ್ನ ಗೆಳೆಯನದೇ ಹರಾಜಿಗೆ ಬಂದಿತು. ಸೆಪ್ಟೆಂಬರ್ 16ರಂದು ಮಾಮುಂದ್ ಕಣಿವೆಯಲ್ಲಿ ಸಿಖ್ ಸಿಪಾಯಿಗಳ ಸಣ್ಣ ತುಕಡಿಯೊಂದಿಗೆ ಬೆಟ್ಟದ ಮೇಲಿದ್ದಾಗ ಶತ್ರುಗಳು ಮುತ್ತಿದರು. ಗಾಯಗೊಂಡು ಬಿದ್ದ ಅಧಿಕಾರಿಯೊಬ್ಬನನ್ನು ಕಣ್ಣೆದುರೇ ಕತ್ತಿಯಿಂದ ಕೊಚ್ಚಿದರು. ಬಾತ್ಮೀದಾರನಾಗಿ ಹೋದವನು ಬಂದೂಕು ಎತ್ತಿ ಗುಂಡು ಹಾರಿಸುತ್ತಾ ಇಳಿದನು. ಅಧಿಕಾರಿಗಳು ಸತ್ತು ಸ್ಥಾನ ತೆರವಾದಾಗ ಆತನನ್ನು ಪಂಜಾಬಿ ಪದಾತಿ ದಳಕ್ಕೆ ಹಾಕಿದರು. ಸಿಪಾಯಿಗಳ ಭಾಷೆಯಲ್ಲಿ ಆತನಿಗೆ ಬರುತ್ತಿದ್ದ ಮಾತು ಎರಡೇ, ಮಾರೋ ಮತ್ತು ಚಲೋ. ಆ ಎರಡು ಮಾತಿನಲ್ಲಿಯೇ ಯುದ್ಧ ನಡೆಸಿದನು.

ಇಂಗ್ಲಿಷ್ ಸೈನ್ಯ ಸೇಡು ತೀರಿಸಿಕೊಳ್ಳುತ್ತಾ ಹಳ್ಳಿಗಳಿಗೆ ಬೆಂಕಿಯಿಟ್ಟಿತು, ಬಾವಿಗಳನ್ನು ಮುಚ್ಚಿತು, ಬೆಳೆಯನ್ನು ಹಾಳುಮಾಡಿತು. ಚರ್ಚಿಲ್ ಇದನ್ನು ಬಚ್ಚಿಡಲಿಲ್ಲ, ಬರೆದನು. ಆದರೆ ಸಾಮ್ರಾಜ್ಯದ ದೃಷ್ಟಿಯಿಂದ ಸರಿಯೆಂದೂ ಸಮರ್ಥಿಸಿದನು. ಬೆಂಗಳೂರಿಗೆ ಹಿಂದಿರುಗಿ, ಪೋಲೋವನ್ನೂ ಬದಿಗಿಟ್ಟು, ಕೆಲವೇ ವಾರಗಳಲ್ಲಿ ಈ ಯುದ್ಧದ ಪುಸ್ತಕವನ್ನು ಮುಗಿಸಿದನು. ಅಂಚೆ ಹೋಗಿಬರಲು ತಡವಾಗುವುದೆಂದು ಕರಡು ತಿದ್ದುವ ಕೆಲಸವನ್ನು ಲಂಡನ್ನಿನಲ್ಲಿದ್ದ ದೊಡ್ಡಮ್ಮನ ಗಂಡನಿಗೆ ಒಪ್ಪಿಸಲಾಯಿತು. 1898ರಲ್ಲಿ ಪುಸ್ತಕ ಬಂದಾಗ ಪುಟಪುಟಕ್ಕೂ ತಪ್ಪುಗಳು! ಬೆಂಗಳೂರಿನಲ್ಲಿ ಅದನ್ನು ಬಿಡಿಸಿ ನೋಡಿದ ಲೇಖಕನಿಗೆ ಅಳುವೇ ಬಂದಿರಬೇಕು. ಆದರೂ ಪುಸ್ತಕ ಮಾರಾಟವಾಯಿತು. ಪ್ರಧಾನಮಂತ್ರಿ ಸಾಲ್ಸ್‌ಬರಿಯೇ ಓದಿ, ಲೇಖಕನನ್ನು ಕರೆಯಿಸಿ ಮಾತನಾಡಿಸಿದನು. ಸೈನ್ಯದ ಹಿರಿಯರು ಮಾತ್ರ ಸಿಡಿಮಿಡಿಗೊಂಡರು. ಕೈಕೆಳಗಿನ ಹುಡುಗನೊಬ್ಬನು ಸೇನಾಪತಿಗಳ ತಪ್ಪುಒಪ್ಪು ಎತ್ತಿ ಆಡಿ ಹಣ ಸಂಪಾದಿಸುವುದೆಂದರೆ ಯಾರು ಸಹಿಸಿಯಾರು?

ಆ ಸಿಟ್ಟು ಎಲ್ಲಕ್ಕಿಂತ ಹೆಚ್ಚಾಗಿ ಇದ್ದುದು ಕಿಚನರ್‌ನಲ್ಲಿ. ಆತನು ಆಗ ಸುಡಾನನ್ನು ಗೆಲ್ಲಲು ನೈಲ್ ನದಿಯ ಗುಂಟ ಸೈನ್ಯ ನಡೆಸುತ್ತಿದ್ದನು. ಚರ್ಚಿಲ್ ಬರಕೂಡದೆಂದು ಕಿಚನರ್, ಬಂದೇ ಬರುವೆನೆಂದು ಚರ್ಚಿಲ್. ತಾಯಿಯ ಶಿಫಾರಸು, ಪ್ರಧಾನಮಂತ್ರಿಯ ಶಿಫಾರಸು, ಒಂದೂ ಸಾಗಲಿಲ್ಲ. ಕೊನೆಗೆ 21ನೆಯ ಲ್ಯಾನ್ಸರ್ ದಳದಲ್ಲಿ ಅಧಿಕಾರಿಯೊಬ್ಬನು ತೀರಿಕೊಂಡಾಗ ಲಂಡನ್ನಿನ ಯುದ್ಧ ಇಲಾಖೆ ಆ ಸ್ಥಾನಕ್ಕೆ ಈತನನ್ನು ಕಳುಹಿಸಿತು. ಖರ್ಚು ಆತನದೇ, ಸತ್ತರೂ ಗಾಯಗೊಂಡರೂ ಸರಕಾರಕ್ಕೆ ಹೊರೆಯಾಗಕೂಡದು ಎಂಬ ಕರಾರು ಬೇರೆ. ಚರ್ಚಿಲ್ ಹೊರಡುವ ಮೊದಲು ಮಾರ್ನಿಂಗ್ ಪೋಸ್ಟ್ ಪತ್ರಿಕೆಯೊಡನೆ ಅಂಕಣಕ್ಕೆ ಹದಿನೈದು ಪೌಂಡಿನಂತೆ ಮಾತಾಡಿಕೊಂಡನು.

1898ರ ಸೆಪ್ಟೆಂಬರ್ 2ರಂದು ಓಂಡುರ್ಮನ್ ಊರಿನ ಹೊರಗೆ ಕಾಳಗ. ಈಟಿ ಬಾಕುಗಳನ್ನು ಹಿಡಿದು ಅಲೆಯಲೆಯಾಗಿ ಬಂದ ಸುಡಾನಿನ ದರವೇಶಿ ಯೋಧರ ಮೇಲೆ ಯಂತ್ರಬಂದೂಕುಗಳು ಗುಂಡು ಕರೆದವು. ಸತ್ತ ದರವೇಶಿಗಳು ಹತ್ತು ಸಾವಿರದಷ್ಟು. ಕಿಚನರ್‌ನ ಕಡೆ ಐವತ್ತರ ಆಸುಪಾಸು. ಆ ದಿನ ಲ್ಯಾನ್ಸರ್ ದಳದ ಮುನ್ನೂರು ಚಿಲ್ಲರೆ ಸವಾರರು ಶತ್ರುಗಳ ಮೇಲೆ ನುಗ್ಗಿದರು. ಕೆಲವೇ ಜನರೆಂದು ತಿಳಿದಿದ್ದರೆ, ಹಳ್ಳದ ತಗ್ಗಿನಲ್ಲಿ ಸಾವಿರಾರು ಮಂದಿ ಅಡಗಿದ್ದರು. ಎರಡು ಮೂರು ನಿಮಿಷಗಳಲ್ಲಿ ಎಲ್ಲ ಮುಗಿಯಿತು, ಇಪ್ಪತ್ತೊಂದು ಸವಾರರು ಸತ್ತರು. ಕತ್ತಿ ಬೀಸಲಾರದ ಚರ್ಚಿಲ್ ಮೌಸರ್ ಪಿಸ್ತೂಲಿನಿಂದ ದಾರಿ ಮಾಡಿಕೊಂಡು ಗಾಯವಿಲ್ಲದೆ ಹೊರಬಂದನು. ತಡವಾಗಿ ಬಂದನೆಂದು ಆತನಿಗೆ ಸಿಕ್ಕಬೇಕಾಗಿದ್ದ ತುಕಡಿಯನ್ನು ಗ್ರೆನ್‌ಫೆಲ್ ಎಂಬ ತರುಣನಿಗೆ ಕೊಟ್ಟಿದ್ದರು. ಗ್ರೆನ್‌ಫೆಲ್ ಸತ್ತನು. ಆಮೇಲೆ ಗಾಯಾಳು ಗೆಳೆಯನೊಬ್ಬನಿಗೆ ಚರ್ಮ ಬೇಕಾದಾಗ, ಚರ್ಚಿಲ್ ತನ್ನ ತೋಳಿನಿಂದ ಒಂದು ತುಂಡು ಕೊಯ್ಯಿಸಿ ಕೊಟ್ಟನು. ಆ ಕಲೆ ಕೊನೆಯವರೆಗೂ ಉಳಿದಿತ್ತು.

ಈ ಯುದ್ಧದ ಬಗ್ಗೆ ಆತ ಬರೆದ ದೊಡ್ಡ ಪುಸ್ತಕ 1899ರಲ್ಲಿ ಎರಡು ಸಂಪುಟಗಳಲ್ಲಿ ಬಂದಿತು. ನನ್ನ ಮಟ್ಟಿಗೆ ಬಾತ್ಮೀದಾರ ಚರ್ಚಿಲ್‌ನ ಎತ್ತರ ಇಲ್ಲಿದೆ. ಗೆದ್ದ ಮೇಲೆ ಗಾಯಾಳು ಶತ್ರುಗಳನ್ನು ನೀರು ನೆರಳಿಲ್ಲದೆ ಸಾಯಲು ಬಿಟ್ಟುದನ್ನೂ, ಸುಡಾನಿನವರು ಪೂಜ್ಯನೆಂದು ನಂಬಿದ್ದ ಮಹ್ದಿಯ ಗೋರಿಯನ್ನು ಕೆಡವಿ ಶವಕ್ಕೆ ಅವಮಾನ ಮಾಡಿದುದನ್ನೂ ಆತ ಖಂಡಿಸಿದನು. ಕಾಳಗದ ಮರುದಿನಗಳಲ್ಲಿ ಆ ಬಯಲಿನಲ್ಲಿ ಅಡ್ಡಾಡಿ, ತೆವಳುತ್ತಾ ನದಿಯ ಕಡೆ ಹೊರಟಿದ್ದ ಕೈಕಾಲಿಲ್ಲದ ಗಾಯಾಳುಗಳನ್ನು ಕಣ್ಣಾರೆ ಕಂಡಿದ್ದನು. ಇಂಗ್ಲೆಂಡೆಲ್ಲ ಹೊಗಳುತ್ತಿದ್ದ ಸೇನಾಪತಿಯ ವಿರುದ್ಧ ಇಪ್ಪತ್ತನಾಲ್ಕು ವರ್ಷದ ಕಿರಿಯ ಅಧಿಕಾರಿ ಹೀಗೆ ಬರೆಯುವುದು ಸಾಮಾನ್ಯ ಧೈರ್ಯವಲ್ಲ. ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1902ರಲ್ಲಿ ಅದೇ ಪುಸ್ತಕ ಒಂದೇ ಸಂಪುಟವಾಗಿ ಬಂದಾಗ ಕಿಚನರ್‌ನ ಮೇಲಿನ ಆ ಟೀಕೆಗಳಲ್ಲಿ ಬಹಳಷ್ಟು ಮಾಯವಾಗಿದ್ದವು. ಅಷ್ಟರಲ್ಲಿ ಲೇಖಕನು ಪಾರ್ಲಿಮೆಂಟಿನ ಸದಸ್ಯನಾಗಿದ್ದನು.

ಸುಡಾನಿನಿಂದ ಬೆಂಗಳೂರಿಗೆ ಮರಳಿ, ತನ್ನ ದಳಕ್ಕೆ ಮೇರಠದ ಪೋಲೋ ಪಂದ್ಯ ಗೆದ್ದುಕೊಡುವುದರಲ್ಲಿ ಪಾಲುಗೊಂಡು, 1899ರ ವಸಂತದಲ್ಲಿ ಚರ್ಚಿಲ್ ಸೈನ್ಯದ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಸೈನ್ಯದ ಸಂಬಳಕ್ಕಿಂತ ಲೇಖನಿಯ ಸಂಪಾದನೆ ಹಲವು ಪಾಲು ಹೆಚ್ಚಾಗಿತ್ತು. ಆತ ಹೊರಟುಹೋದ ಮೇಲೆ ದಂಡಿನ ಅಧಿಕಾರಿಗಳ ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಲೆಫ್ಟಿನೆಂಟ್ ಚರ್ಚಿಲ್‌ನ ಹೆಸರಿನಲ್ಲಿ ಹದಿಮೂರು ರೂಪಾಯಿ ಬಾಕಿಯನ್ನು ವಸೂಲಾಗದ ಸಾಲವೆಂದು ಬರೆದುಕೊಂಡರು. ರೆಸಿಡೆನ್ಸಿ ರಸ್ತೆಯ ಬೆಂಗಳೂರು ಕ್ಲಬ್ಬಿನವರು ಆ ಪುಸ್ತಕವನ್ನು ಕಾಪಾಡಿಕೊಂಡು ಬಂದಿದ್ದಾರೆ.

ಆ ವರ್ಷದ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಹತ್ತಿತು. ಬೋಯರರೆಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ರೈತರು. ಟ್ರಾನ್ಸ್‌ವಾಲ್, ಆರೆಂಜ್ ಫ್ರೀ ಸ್ಟೇಟ್ ಎಂಬ ಎರಡು ಗಣರಾಜ್ಯಗಳು ಅವರವು. ಮಾರ್ನಿಂಗ್ ಪೋಸ್ಟ್ ಪತ್ರಿಕೆ ತಿಂಗಳಿಗೆ 250 ಪೌಂಡು, ಖರ್ಚು ಬೇರೆ ಎಂದು ಒಪ್ಪಿ ಚರ್ಚಿಲ್‌ನನ್ನು ಕಳುಹಿಸಿತು. ಬಾತ್ಮೀದಾರರಿಗೆ ಅಂದಿನ ದಿನಕ್ಕೆ ಇದು ಭಾರಿ ಸಂಬಳ. ಈಗ ಆತ ಸಿಪಾಯಿಯಲ್ಲ, ಬರಿಯ ಬಾತ್ಮೀದಾರ. ನವೆಂಬರ್ 15ರಂದು ಉಕ್ಕಿನ ತಗಡು ಹೊದಿಸಿದ ರೈಲಿನಲ್ಲಿ, ಹಳೆಯ ಪರಿಚಯದ ಕ್ಯಾಪ್ಟನ್ ಹಾಲ್ಡೇನ್‌ನ ಜೊತೆಗೆ, ಎಸ್ಟ್‌ಕೋರ್ಟ್‌ನಿಂದ ಶತ್ರುಗಳ ಕಡೆಗೆ ಹೊರಟನು. ಹಿಂದಿರುಗುವಾಗ ಬೋಯರರು ಗುಡ್ಡದ ಮೇಲಿಂದ ಗುಂಡು ಹಾರಿಸಿದರು. ಹಳಿಯ ಮೇಲೆ ಕಲ್ಲಿಟ್ಟಿದ್ದರಿಂದ ಮುಂದಿನ ಡಬ್ಬಿಗಳು ಉರುಳಿದವು. ತಲೆಗೆ ಪೆಟ್ಟುಬಿದ್ದ ಎಂಜಿನ್ ಚಾಲಕನು ಕೆಲಸ ಬಿಟ್ಟು ಓಡಲಿದ್ದನು. ಚರ್ಚಿಲ್ ಆತನಿಗೆ ಧೈರ್ಯ ಹೇಳಿ ಮರಳಿ ಎಂಜಿನ್ನಿಗೆ ಹತ್ತಿಸಿದನು. ಗುಂಡಿನ ಮಳೆಯಲ್ಲಿ ಒಂದು ಗಂಟೆಗೂ ಮೇಲ್ಪಟ್ಟು ನಿಂತು ದಾರಿ ಬಿಡಿಸಿ, ಗಾಯಾಳುಗಳನ್ನು ತುಂಬಿ ಎಂಜಿನ್ನನ್ನು ಪಾರುಮಾಡಿದನು. ತಾನೂ ಅದರಲ್ಲಿಯೇ ಹೋಗಬಹುದಾಗಿತ್ತು. ಹಿಂದುಳಿದವರನ್ನು ಕರೆತರಲೆಂದು ಇಳಿದು ನಡೆದನು. ಕುದುರೆಯೇರಿದ ಬೋಯರನೊಬ್ಬನು ಬಂದೂಕು ಗುರಿಯಿಟ್ಟನು. ಸೊಂಟಕ್ಕೆ ಕೈಹಾಕಿದರೆ ಪಿಸ್ತೂಲಿಲ್ಲ, ಅದು ಎಂಜಿನ್ನಿನಲ್ಲಿ ಉಳಿದಿತ್ತು. ಚರ್ಚಿಲ್ ಕೈಯೆತ್ತಿದನು. ಆ ಚಾಲಕನನ್ನು ಮಾತ್ರ ಆತ ಮರೆಯಲಿಲ್ಲ. ಹನ್ನೊಂದು ವರ್ಷ ಕಳೆದು, 1910ರಲ್ಲಿ ತಾನು ಗೃಹಮಂತ್ರಿಯಾಗಿದ್ದಾಗ, ಚಾಲಕನಿಗೂ ಅವನ ಸಹಾಯಕನಿಗೂ ಶೌರ್ಯಪದಕ ಕೊಡಿಸಿದನು.

ಸೆರೆಯಾಳುಗಳನ್ನು ಪ್ರಿಟೋರಿಯಾದಲ್ಲಿ ಇಟ್ಟದ್ದು ಒಂದು ಶಾಲೆಯ ಕಟ್ಟಡದಲ್ಲಿ. ಕರಿಹಲಗೆಗಳೂ ನಕಾಶೆಗಳೂ ಇದ್ದ ಕೊಠಡಿಗಳಲ್ಲಿ ಅಧಿಕಾರಿಗಳು ಮಲಗುತ್ತಿದ್ದರು. ತಾನು ಪತ್ರಿಕೆಯವನು, ಹೋರಾಟಗಾರನಲ್ಲ, ಬಿಡಬೇಕು ಎಂದು ಚರ್ಚಿಲ್ ಅರ್ಜಿಯ ಮೇಲೆ ಅರ್ಜಿ ಬರೆದನು. ಆದರೆ ರೈಲಿನ ಬಳಿ ಆತ ತೋರಿದ ಸಾಹಸವನ್ನು ಇಂಗ್ಲಿಷ್ ಪತ್ರಿಕೆಗಳು ಹಾಡಿ ಹೊಗಳಿದ್ದವು. ಬೋಯರರು ಅದನ್ನೇ ಮುಂದೆ ಮಾಡಿ, ಇಷ್ಟೆಲ್ಲ ಮಾಡಿದವನು ಬರಿಯ ಬಾತ್ಮೀದಾರನು ಹೇಗಾದಾನೆಂದು ಕೇಳಿದರು. ನ್ಯಾಯವಾಗಿ ಹೇಳುವುದಾದರೆ ಬೋಯರರ ಮಾತು ತಪ್ಪಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನ ಫಜೀತಿ ಇದು.

ಡಿಸೆಂಬರ್ 12ರ ರಾತ್ರಿ ಕಾವಲುಗಾರರು ಅತ್ತ ತಿರುಗಿದ ಗಳಿಗೆಯಲ್ಲಿ ಚರ್ಚಿಲ್ ಗೋಡೆ ಹಾರಿದನು. ಜೊತೆಗೆ ಬರಬೇಕಾಗಿದ್ದ ಹಾಲ್ಡೇನ್ ಮತ್ತು ಇನ್ನೊಬ್ಬನಿಗೆ ಸಮಯ ಒದಗಲಿಲ್ಲ. ಪೊದೆಯಲ್ಲಿ ಕಾದು ನೋಡಿ ಒಬ್ಬನೇ ಹೊರಟನು. ಮೂಲತಃ ಉಪಾಯ ಆ ಇಬ್ಬರದಾಗಿದ್ದರಿಂದ, ಅವರನ್ನು ಬಿಟ್ಟು ಬಂದನೆಂಬ ದೂರು ಆತನನ್ನು ಬಹುಕಾಲ ಕಾಡಿತು. ಹಾಸಿಗೆಯ ಮೇಲೆ ಬೋಯರ್ ಅಧಿಕಾರಿಗೆ ವಿನಯದ ಪತ್ರವೊಂದನ್ನು ಬರೆದಿಟ್ಟಿದ್ದನು! ಕಿಸೆಯಲ್ಲಿ 75 ಪೌಂಡು, ನಾಲ್ಕು ಚಾಕೊಲೇಟು. ನಕಾಶೆಯಿಲ್ಲ, ಭಾಷೆ ಬಾರದು. ಚಲಿಸುವ ಗೂಡ್ಸ್ ಗಾಡಿಗೆ ನೆಗೆದು ಕಲ್ಲಿದ್ದಲಿನ ಖಾಲಿ ಚೀಲಗಳ ನಡುವೆ ಅವಿತನು. ಬೆಳಗಾಗುವ ಮೊದಲು ಇಳಿದು ಹಗಲೆಲ್ಲ ಮರಗಳ ನಡುವೆ ಕುಳಿತನು; ಜೊತೆಗೆ ಇದ್ದುದು ಒಂದು ರಣಹದ್ದು ಮಾತ್ರ. ಮರುರಾತ್ರಿ ಹಸಿವು ತಾಳದೆ ದೂರದಲ್ಲಿ ಕಂಡ ಬೆಳಕಿನತ್ತ ನಡೆದು ಬಾಗಿಲು ತಟ್ಟಿದನು. ಸುತ್ತ ಇಪ್ಪತ್ತು ಮೈಲಿಯೊಳಗೆ ಬೇರೆ ಯಾರ ಮನೆಯಾಗಿದ್ದರೂ ಹಿಡಿದುಕೊಡುತ್ತಿದ್ದರು. ಆ ಮನೆ ಜಾನ್ ಹೋವರ್ಡ್ ಎಂಬ ಇಂಗ್ಲಿಷ್ ಗಣಿ ಮೇಲ್ವಿಚಾರಕನದು. ಆತನು ಚರ್ಚಿಲ್‌ನನ್ನು ಗಣಿಯ ಆಳದಲ್ಲಿ ಅಡಗಿಸಿಟ್ಟನು. ಅಲ್ಲಿನ ಬಿಳಿ ಇಲಿಗಳು ಮೇಣದ ಬತ್ತಿಯನ್ನೂ ತಿಂದುಹಾಕಿದವು. ಮೇಲೆ ಊರೂರಿನಲ್ಲಿ ಹುಡುಕಾಟ. ಜೀವಂತವಾಗಲಿ ಶವವಾಗಲಿ, ಹಿಡಿದುಕೊಟ್ಟವರಿಗೆ 25 ಪೌಂಡು ಬಹುಮಾನ. ಕೊನೆಗೆ ಉಣ್ಣೆಯ ಮೂಟೆಗಳ ನಡುವೆ ಅವಿತು ರೈಲಿನಲ್ಲಿ ಪೋರ್ಚುಗೀಸರ ಬಂದರು ಲೊರೆನ್ಸೊ ಮಾರ್ಕೆಸ್ ಮುಟ್ಟಿ, ಹಡಗು ಹತ್ತಿ ಡಿಸೆಂಬರ್ 23ರಂದು ದರ್ಬಾನ್ ತಲುಪಿದಾಗ ದಕ್ಕೆಯ ತುಂಬ ಜನ, ಬಾವುಟ, ಬ್ಯಾಂಡು.

ಸೈನ್ಯಾಧಿಕಾರಿಗಳು ಪತ್ರಿಕೆಗೆ ಬರೆಯಕೂಡದೆಂಬ ನಿಯಮ ಅಷ್ಟರಲ್ಲಿ ಬಂದಿತ್ತು. ಅದು ಬಂದದ್ದಕ್ಕೆ ಚರ್ಚಿಲ್‌ನ ಬರಹಗಳೇ ಬಹುಮಟ್ಟಿಗೆ ಕಾರಣ. ಆದರೂ ಸೇನಾಪತಿ ಬುಲ್ಲರ್ ಈತನಿಗೊಬ್ಬನಿಗೆ ವಿನಾಯಿತಿ ಕೊಟ್ಟು, ಬಾತ್ಮೀದಾರನಾಗಿಯೇ ಇದ್ದುಕೊಂಡು ಸಂಬಳವಿಲ್ಲದೆ ರಾವುತ ದಳ ಸೇರಲು ಒಪ್ಪಿದನು. 1900ರ ಜನವರಿ 24ರಂದು ಸ್ಪಿಯೋನ್ ಕೋಪ್ ಬೆಟ್ಟದ ಮೇಲೆ ಇಂಗ್ಲಿಷ್ ಸೈನ್ಯ ಫಿರಂಗಿಗಳಿಗೆ ಸಿಕ್ಕಿ ನುಚ್ಚುನೂರಾಯಿತು. ಚರ್ಚಿಲ್ ಅಂದು ಎರಡು ಸಲ ಬೆಟ್ಟ ಹತ್ತಿ, ಹೆಣಗಳ ನಡುವೆ ನಡೆದು, ಸೇನಾಪತಿಯ ಸಂದೇಶ ಮುಟ್ಟಿಸಿದನು.

ಅದೇ ಬೆಟ್ಟದ ಬುಡದಲ್ಲಿ ಅದೇ ಕಾಳಗದ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ಸಾಗಿಸುತ್ತಿದ್ದ ಭಾರತೀಯರ ತಂಡವೊಂದಿತ್ತು. ಸುಮಾರು ಸಾವಿರದ ನೂರು ಜನ. ಹೆಚ್ಚಿನವರು ಗಿರಮಿಟ್ ಕೂಲಿಗಳು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲಿ ಹೊತ್ತು ನಡೆದದ್ದೂ ಉಂಟು. ಆ ತಂಡವನ್ನು ಕಟ್ಟಿದವರು ಮೂವತ್ತು ವರ್ಷದ ಬ್ಯಾರಿಸ್ಟರ್ ಮೋಹನದಾಸ ಕರಮಚಂದ ಗಾಂಧಿಯವರು. ಒಬ್ಬನು ಬೆಟ್ಟದ ಮೇಲೆ, ಒಬ್ಬರು ಬೆಟ್ಟದ ಕೆಳಗೆ. ಅಂದು ಅವರು ಪರಸ್ಪರ ಕಾಣಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಲೇಡಿಸ್ಮಿತ್ ಮುತ್ತಿಗೆ ಬಿಟ್ಟಿತು, ಜೂನ್ 5ರಂದು ಪ್ರಿಟೋರಿಯಾ ಬಿದ್ದಿತು. ತನ್ನ ಹಳೆಯ ಸಂಗಾತಿಗಳ ಸೆರೆಮನೆಯನ್ನು ಹುಡುಕಿಕೊಂಡು ಕುದುರೆಯೇರಿ ಮೊದಲು ಹೋದವರಲ್ಲಿ ಚರ್ಚಿಲ್ ಒಬ್ಬನು. ಆ ವರ್ಷವೇ ಎರಡು ಪುಸ್ತಕ ಬರೆದು, ಅಕ್ಟೋಬರಿನಲ್ಲಿ ಓಲ್ಡ್‌ಹ್ಯಾಮ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆರಿಸಿ ಬಂದನು. ಗಣಿಯಲ್ಲಿ ಅಡಗಿಸಿಟ್ಟವರಲ್ಲಿ ಒಬ್ಬನು ಓಲ್ಡ್‌ಹ್ಯಾಮಿನವನೇ ಆಗಿದ್ದುದು ಚುನಾವಣೆಗೆ ಚೆನ್ನಾಗಿ ಒದಗಿತು. ಆಗ ಸದಸ್ಯರಿಗೆ ಸಂಬಳವಿರಲಿಲ್ಲ. ಊರೂರು ತಿರುಗಿ ಯುದ್ಧದ ಕಥೆ ಹೇಳಿ ಗಳಿಸಿದ ಹಣದಿಂದ ರಾಜಕೀಯ ಜೀವನ ಮೊದಲಾಯಿತು.

ಮುಂದಿನ ಅರುವತ್ತು ವರ್ಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 1906ರ ನವೆಂಬರಿನಲ್ಲಿ ವಸಾಹತು ಇಲಾಖೆಯ ಉಪಸಚಿವನಾಗಿದ್ದ ಚರ್ಚಿಲ್‌ನನ್ನು ಗಾಂಧೀಜಿಯವರು ಲಂಡನ್ನಿನಲ್ಲಿ ಕಂಡು, ಟ್ರಾನ್ಸ್‌ವಾಲಿನ ಭಾರತೀಯರ ಮೇಲಿನ ಕರಾಳ ಕಾನೂನಿನ ಬಗ್ಗೆ ಅಹವಾಲು ಹೇಳಿಕೊಂಡರು. ಮಾತು ಸೌಜನ್ಯದಿಂದಲೇ ನಡೆಯಿತು. ಕಾನೂನನ್ನು ತಡೆಹಿಡಿದರು. ಮರುವರ್ಷ ಟ್ರಾನ್ಸ್‌ವಾಲಿಗೆ ಸ್ವಯಮಾಡಳಿತ ಬಂದು ಅದೇ ಕಾನೂನು ಮತ್ತೆ ಬಂದಾಗ ಇಂಗ್ಲೆಂಡು ಒಪ್ಪಿಗೆಯ ಮುದ್ರೆ ಒತ್ತಿತು. ಅವರಿಬ್ಬರೂ ಎದುರುಬದುರು ಕುಳಿತದ್ದು ಅದೊಂದೇ ಸಲ. ಮೊದಲನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಮಂತ್ರಿಯಾಗಿ ಗಲಿಪೊಲಿ ದಾಳಿಯ ಸೋಲನ್ನು ತಲೆಗೆ ಕಟ್ಟಿಕೊಂಡು ಅಧಿಕಾರ ಕಳೆದುಕೊಂಡ ಚರ್ಚಿಲ್, 1916ರಲ್ಲಿ ಮತ್ತೆ ಸೈನಿಕನಾಗಿ ಬೆಲ್ಜಿಯಮ್ಮಿನ ಕಂದಕಗಳಲ್ಲಿ ಕೆಲವು ತಿಂಗಳು ಕಳೆದನು. 1930ರ ದಶಕದಲ್ಲಿ ಭಾರತಕ್ಕೆ ಅಲ್ಪಸ್ವಲ್ಪ ಅಧಿಕಾರ ಕೊಡುವುದನ್ನೂ ವಿರೋಧಿಸಿ ತನ್ನ ಪಕ್ಷದವರಿಂದಲೇ ದೂರವಾದನು. ಗಾಂಧೀಜಿಯವರ ಉಡುಗೆಯನ್ನು ಹೀಯಾಳಿಸಿದನು. ಆದರೆ ಹಿಟ್ಲರನ ಅಪಾಯವನ್ನು ಬೇರೆಯವರಿಗಿಂತ ಮೊದಲೇ ಕಂಡವನೂ ಆತನೇ. 1940ರ ಮೇ 10ರಂದು ಪ್ರಧಾನಮಂತ್ರಿಯಾಗಿ, ಫ್ರಾನ್ಸ್ ಬಿದ್ದ ಮೇಲೂ ಶರಣಾಗದೆ, ತನ್ನ ಜನರ ಎದೆಯಲ್ಲಿ ಮಾತಿನಿಂದಲೇ ಧೈರ್ಯ ತುಂಬಿದನು. ಈ ಯುದ್ಧದಲ್ಲಿ ಇಪ್ಪತ್ತೈದು ಲಕ್ಷದಷ್ಟು ಭಾರತೀಯ ಸೈನಿಕರು ಹೋರಾಡಿದರು.

ಆ ಯುದ್ಧದ ನಡುವೆ, 1943ರಲ್ಲಿ, ಬಂಗಾಳದಲ್ಲಿ ಮಹಾಕ್ಷಾಮ ಬಂದಿತು. ಬರ್ಮಾ ಜಪಾನಿನ ಕೈಸೇರಿ ಅಲ್ಲಿನ ಅಕ್ಕಿ ನಿಂತಿತ್ತು. ಶತ್ರುಗಳಿಗೆ ಸಿಕ್ಕಬಾರದೆಂದು ಸರಕಾರವೇ ದೋಣಿಗಳನ್ನು ವಶಪಡಿಸಿಕೊಂಡಿತ್ತು. ಚಂಡಮಾರುತ ಬೆಳೆ ಕೆಡಿಸಿತ್ತು. ಬೆಲೆ ಬಡವರ ಕೈಮೀರಿತ್ತು. ಮೂವತ್ತು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ಭಾರತದಿಂದ ವೈಸರಾಯರು ಮತ್ತೆ ಮತ್ತೆ ಧಾನ್ಯ ಬೇಡಿದರೂ ಲಂಡನ್ನಿನ ಯುದ್ಧ ಮಂತ್ರಿಮಂಡಲ ಹಡಗುಗಳಿಲ್ಲವೆಂದಿತು. ಸ್ವಲ್ಪ ಬಂದಿತು, ತಡವಾಗಿ ಬಂದಿತು, ಬೇಕಾದಷ್ಟು ಬರಲಿಲ್ಲ. ಹಡಗುಗಳ ಕೊರತೆ ನಿಜವಾಗಿತ್ತೆಂದು ವಾದಿಸುವ ಚರಿತ್ರಕಾರರಿದ್ದಾರೆ. ಬೇರೆ ಕಡೆಗೆ ಹಡಗುಗಳು ಒದಗಿದ್ದು ಹೇಗೆಂದು ಕೇಳುವವರೂ ಇದ್ದಾರೆ. ಭಾರತೀಯರನ್ನು ಕುರಿತು ಚರ್ಚಿಲ್ ಸಭೆಗಳಲ್ಲಿ ಆಡಿದ ಮಾತುಗಳನ್ನು ಆತನ ಭಾರತ ಸಚಿವನೇ ದಿನಚರಿಯಲ್ಲಿ ಬೇಸರದಿಂದ ಬರೆದಿಟ್ಟಿದ್ದಾನೆ. ಕಲಕತ್ತೆಯ ಬೀದಿಗಳಲ್ಲಿ ಜನ ಸಾಯುತ್ತಿರುವುದನ್ನು ಜಗತ್ತಿಗೆ ತೋರಿಸಿದ್ದು ಸ್ಟೇಟ್ಸ್‌ಮನ್ ಪತ್ರಿಕೆ. ಅದರ ಇಂಗ್ಲಿಷ್ ಸಂಪಾದಕ ಇಯಾನ್ ಸ್ಟೀಫನ್ಸ್ 1943ರ ಆಗಸ್ಟಿನಲ್ಲಿ ಸರಕಾರದ ಮುಲಾಜಿಗೆ ಒಳಗಾಗದೆ ಚಿತ್ರಗಳನ್ನು ಅಚ್ಚುಹಾಕಿದನು. ಓಂಡುರ್ಮನ್ನಿನ ಬಯಲಿನಲ್ಲಿ ನೀರಿಗಾಗಿ ತೆವಳುವವರನ್ನು ಕಂಡು ಮರುಗಿದ ಬಾತ್ಮೀದಾರನು ಈ ಚಿತ್ರಗಳ ಆಚೆ ಬದಿಯಲ್ಲಿ, ಅಧಿಕಾರದ ಕುರ್ಚಿಯಲ್ಲಿ ಕುಳಿತಿದ್ದನು.

1945ರಲ್ಲಿ ಯುದ್ಧ ಗೆದ್ದ ಪ್ರಧಾನಿಯನ್ನು ಆತನ ದೇಶದ ಜನರೇ ಚುನಾವಣೆಯಲ್ಲಿ ಸೋಲಿಸಿದರು. 1951ರಲ್ಲಿ ಮತ್ತೊಮ್ಮೆ ಪ್ರಧಾನಿಯಾದನು. 1953ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನ ಬಂದಿತು. ಲ್ಯಾಟಿನ್ ಬಾರದೆಂದು ಹಿಂದೆ ಕೂರಿಸಿದ ಹುಡುಗನಿಗೆ!

1965ರ ಜನವರಿ 24ರಂದು, ತಂದೆ ಸತ್ತು ಸರಿಯಾಗಿ ಎಪ್ಪತ್ತು ವರ್ಷ ತುಂಬಿದ ದಿನ, ತೊಂಬತ್ತು ವರ್ಷದ ಚರ್ಚಿಲ್ ಕಣ್ಣು ಮುಚ್ಚಿದನು. ಅಂತ್ಯಸಂಸ್ಕಾರ ನಡೆದುದು ಜನವರಿ 30ರಂದು. ನಮ್ಮಲ್ಲಿ ಗಾಂಧೀಜಿಯವರು ಗುಂಡಿಗೆ ಬಲಿಯಾದ ದಿನವೆಂದು ಹುತಾತ್ಮರಿಗೆ ಮೌನ ಆಚರಿಸುವ ದಿನ ಅದು. ಲಂಡನ್ನಿನಲ್ಲಿ ಥೇಮ್ಸ್ ನದಿಯ ಮೇಲೆ ದೋಣಿಯಲ್ಲಿ ಶವಪೆಟ್ಟಿಗೆ ಸಾಗಿತು. ಅಲ್ಲಿಂದ ರೈಲಿನಲ್ಲಿ ಒಯ್ದು, ಹುಟ್ಟಿದ ಅರಮನೆಗೆ ಹತ್ತಿರದ ಬ್ಲೇಡನ್ ಹಳ್ಳಿಯ ಸಣ್ಣ ಚರ್ಚಿನ ಅಂಗಳದಲ್ಲಿ, ತಂದೆತಾಯಿಗಳ ಪಕ್ಕದಲ್ಲಿ ಮಣ್ಣುಮಾಡಿದರು.